ನೆರೆಮರದ ಋಣ

ಹಾಸನದ ಊರೊಳಗೆ ಒಂದು ಜಾಗಕ್ಕೆ ಇವತ್ತಿಗೂ ಗಂಧದಕೋಠಿ ಎಂದೇ ಹೆಸರು. ಹುಣಸೂರು, ಶಿವಮೊಗ್ಗ, ತೀರ್ಥಹಳ್ಳಿಗಳಲ್ಲೂ ಮೈಸೂರು ಸರ್ಕಾರದ ಇಂಥ ಕೋಠಿಗಳಿದ್ದವು. ಕಾಡಿನಿಂದ ಬಂದ ಶ್ರೀಗಂಧದ ಮೇಲಿನ ಬಿಳಿಮರವನ್ನು ಬಾಚಿಯಿಂದ ಕೆತ್ತಿ, ಒಳಗಿನ ವಾಸನೆಯ ಚೇಗನ್ನಷ್ಟೇ ಉಳಿಸಿ, ತೂಗಿ, ಹದಿನೆಂಟು ದರ್ಜೆಗಳಲ್ಲಿ ಜೋಡಿಸುತ್ತಿದ್ದರು. ತುಂಡೊಂದು ಒಂಬತ್ತು ಕಿಲೋಗೆ ಕಡಿಮೆಯಿಲ್ಲದೆ, ಟನ್ನಿಗೆ 112 ತುಂಡು ಮೀರದಿದ್ದರೆ ಅದು ‘ವಿಲಾಯತ್ ಬುದ್ಧ’. ಅದರ ಅರ್ಧ ತೂಗಿದರೆ ‘ಚೀನಾ ಬುದ್ಧ’. ಅದಕ್ಕೂ ಕೆಳಗೆ ‘ಪಂಜಂ’. ಹೀಗೆ ಇಳಿಯುತ್ತ ಇಳಿಯುತ್ತ ಚಕ್ಕೆ, ಸಿಪ್ಪೆ, ಗರಗಸದ ಪುಡಿಯವರೆಗೆ ಎಲ್ಲಕ್ಕೂ ಒಂದು ಹೆಸರು, ಒಂದು ಬೆಲೆ.

ಬೇರಿನಲ್ಲೂ ಎಣ್ಣೆಯಿರುವುದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಅಂದರೆ ತಲೆತಲಾಂತರದಿಂದ ಈ ಮರದ ಬೇರು ಜನರ ಕಣ್ಣಮುಂದೆಯೇ ಇತ್ತು. ಆದರೆ ಕೋಠಿಗೆ ಬರುತ್ತಿದ್ದುದು ದಪ್ಪ ಬೇರು. ಮರದ ಏಳಿಗೆಯನ್ನು ತೀರ್ಮಾನಿಸುವ ದಾರದಂಥ ಬೇರುಗಳು ಹಾರೆಯ ಏಟಿಗೆ ಹರಿದು ಮಣ್ಣಲ್ಲೇ ಉಳಿಯುತ್ತಿದ್ದವು.

ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅವನ ನಂತರ ಬಂದವರು ಅವನ ಎಷ್ಟೋ ಏರ್ಪಾಡುಗಳನ್ನು ಕಿತ್ತುಹಾಕಿದರೂ ಇದೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಲಾಭವಿರುವ ಕಾನೂನಿಗೆ ಯಾವ ರಾಜನಾದರೂ ಆದೀತು. 1864ರಲ್ಲಿ ಮೈಸೂರು ಅರಣ್ಯ ಇಲಾಖೆ ಹುಟ್ಟಿದಾಗ ಅದರ ಮಡಿಲಿಗೆ ಬಂದ ಮುಖ್ಯ ಆಸ್ತಿಗಳಲ್ಲಿ ಗಂಧವೂ ಒಂದು. ರೈತನ ಹೊಲದ ಬದುವಿನಲ್ಲಿ ಹುಟ್ಟಿದ ಮರವೂ ಆಗ ಸರ್ಕಾರದ್ದೇ ಆಗಿತ್ತು. ಅದು ಒಣಗಿದರೂ, ಕಳುವಾದರೂ ಉತ್ತರ ಹೇಳಬೇಕಾಗಿದ್ದವನು ರೈತ. ಹಾಗಾಗಿ ಹೊಲದಲ್ಲಿ ಗಂಧದ ಸಸಿ ಕಂಡರೆ ಯಾರೂ ನೋಡದ ಹೊತ್ತಿನಲ್ಲಿ ಕಿತ್ತೆಸೆಯುವುದೇ ಜಾಣತನ ಎಂಬ ಮಾತು ಹಳೇ ಮೈಸೂರಿನಲ್ಲಿ ಹಬ್ಬಿತು.

ಆಸ್ತಿ ಎಂದಮೇಲೆ ಲೆಕ್ಕ ಬೇಕು. ಒಂದು ಗಂಧದ ಮರ ಕೊಯ್ಲಿಗೆ ಬರಲು ಎಷ್ಟು ವರ್ಷ? ಅರಣ್ಯ ಅಧಿಕಾರಿಗಳಿಗೆ ಈ ಪ್ರಶ್ನೆ ತಲೆನೋವಾಯಿತು. ತೇಗದಲ್ಲಿ ಕೆಲಸ ಸಲೀಸು: ಅಡ್ಡಕೊಯ್ದು ಉಂಗುರ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ, ಮಳೆ ಚೆನ್ನಾಗಿ ಆದ ವರ್ಷ ಯಾವುದು, ಬರ ಬಿದ್ದ ವರ್ಷ ಯಾವುದು ಎಂಬುದೂ ಕಾಣುತ್ತದೆ. ಗಂಧ ಹಾಗೆ ಮಾತು ಕೇಳಲಿಲ್ಲ. ದಿಂಡಿಗ, ಹೊನ್ನೆ, ಕಗ್ಗಲಿ, ಹೊಂಗೆಗಳ ನಡುವೆ, ಮುಳ್ಳುಪೊದೆಯ ಸಂದಿಯಲ್ಲಿ ತಾನಾಗಿ ಹುಟ್ಟಿದ ಮರ ನಳನಳಿಸುತ್ತಿತ್ತು. ಸಾಲು ಹಿಡಿದು, ಸುತ್ತಲ ಕಳೆಯನ್ನೆಲ್ಲ ಕಿತ್ತು, ಬೇಲಿ ಕಟ್ಟಿ ಸಾಕಿದ ಸಸಿ ಹಳದಿಗೆ ತಿರುಗಿ ಕುಗ್ಗುತ್ತಿತ್ತು. ಆರೈಕೆ ಹೆಚ್ಚಿದಷ್ಟೂ ಸೊರಗುವ ಈ ಗಿಡದ ಮುಂದೆ ಯುರೋಪಿನಲ್ಲಿ ಕಲಿತು ಬಂದ ವನವಿದ್ಯೆ ಕೈಚೆಲ್ಲಿತು.

ಗುಟ್ಟು ಬಿಡಿಸಿದ್ದು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ. ಅಲ್ಲಿದ್ದ ಜಾನ್ ಸ್ಕಾಟ್ ಸ್ಕಾಟ್ಲೆಂಡಿನ ತೋಟಗಾರ, ಎಡಿನ್‌ಬರೋದಲ್ಲಿದ್ದಾಗ ಚಾರ್ಲ್ಸ್ ಡಾರ್ವಿನ್ನನ ಜೊತೆ ಪತ್ರವ್ಯವಹಾರ ಇಟ್ಟುಕೊಂಡಿದ್ದವನು. 1871ರಲ್ಲಿ ಆತ ಹೇಳಿದ್ದು ಇಷ್ಟು: ಗಂಧದ ಬೇರು ನೆರೆಯ ಗಿಡಗಳ ಬೇರಿಗೆ ಅಂಟಿಕೊಂಡು ಅವುಗಳಿಂದ ಆಹಾರ ಪಡೆಯುತ್ತದೆ. ಮೂಲದಲ್ಲಿ ಅದು ಪರಾವಲಂಬಿ. ರಾಜವೃಕ್ಷದ ಮೇಲೆ ಬಂದ ಈ ಆರೋಪವನ್ನು ಬಹಳ ಜನ ಒಪ್ಪಲಿಲ್ಲ. ಹಸಿರೆಲೆಯಿದೆ, ಬಿಸಿಲಿನಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ, ಇಂಥದ್ದಕ್ಕೆ ಕದಿಯುವ ಅಗತ್ಯವೇನು ಎಂಬುದು ವಾದ. ಮೂರು ದಶಕ ಕಳೆದ ಮೇಲೆ ಮದ್ರಾಸ್ ಸರ್ಕಾರದ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ ಬೇರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಂಧದ ಹೀರುಬೇರು ಪಕ್ಕದ ಬೇರಿನ ಸಿಪ್ಪೆ ಸೀಳಿ ಒಳಗಿನ ನೀರಿನ ನಾಳಕ್ಕೆ ಹೇಗೆ ಬಾಯಿಡುತ್ತದೆ ಎಂದು ಚಿತ್ರ ಬರೆದು ತೋರಿಸಿದ ನಂತರವೇ ಜಗಳ ನಿಂತದ್ದು. ಇದೇ ಬಾರ್ಬರ್ ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಬೆಳೆಸುವ ಕೆಲಸ ಆರಂಭಿಸಿದವನು.

ಗಂಧ ನೆರೆಯ ಗಿಡದಿಂದ ಮುಖ್ಯವಾಗಿ ಎಳೆಯುವುದು ನೀರು, ಸಾರಜನಕ, ಮತ್ತೆ ಕೆಲವು ಲವಣಗಳನ್ನು. ಸಕ್ಕರೆಯ ಬಹುಪಾಲನ್ನು ತನ್ನೆಲೆಯಲ್ಲೇ ತಯಾರಿಸಿಕೊಳ್ಳುತ್ತದೆ. ಹೀಗಾಗಿ ಅದರ ಬೆಳವಣಿಗೆಯ ವೇಗ ಅದೊಂದರ ಗುಣವಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಕೂಡಿಡುವ ಹೊಂಗೆ, ಜಾಲಿ, ತೊಗರಿಯ ಜಾತಿಯವು ಸಿಕ್ಕರೆ ಗಂಧಕ್ಕೆ ಹಬ್ಬ. ಬರೀ ಹುಲ್ಲು ಸಿಕ್ಕರೆ ಜೀವ ಹಿಡಿದಿರುತ್ತದೆ, ಮೈ ತುಂಬುವುದಿಲ್ಲ. ಯಾರೂ ಸಿಗದಿದ್ದರೆ ಗಂಧಕ್ಕೆ ಗಂಧವೇ ಅಂಟಿಕೊಳ್ಳುವುದೂ ಉಂಟು, ಇಬ್ಬರು ಸಾಲಗಾರರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ. ಅರಣ್ಯಾಧಿಕಾರಿ ಎಂ. ರಾಮರಾವ್ 1911ರಲ್ಲಿ ಈ ಆಸರೆ ಗಿಡಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಆಮೇಲೆ ಆ ಪಟ್ಟಿ ಮುನ್ನೂರು ಜಾತಿಗಳನ್ನು ದಾಟಿದೆ.

ನೆರೆ ಒಳ್ಳೆಯದಾದರೆ ಸಾಲದು. ಎಳೆಯ ಸಸಿಗೆ ಪಕ್ಕದಿಂದ ನೆರಳು ಬೇಕು, ಆದರೆ ನೆತ್ತಿಯ ಮೇಲೆ ದಟ್ಟ ಕೊಡೆ ಹಿಡಿದರೆ ಸೊಟ್ಟಗಾಗಿ ನಿಂತುಬಿಡುತ್ತದೆ. ನೀರು ನಿಲ್ಲುವ ಮಣ್ಣು ಆಗದು. ತೆಳು ತೊಗಟೆಯಾದ್ದರಿಂದ ಬೇಸಿಗೆಯ ಕಾಡುಬೆಂಕಿ ಒಮ್ಮೆ ಸುಳಿದುಹೋದರೂ ಸಸಿಗಳು ಸಾಯುತ್ತವೆ. ಇನ್ನು ದನ, ಆಡು, ಜಿಂಕೆಗಳಿಗೆ ಗಂಧದ ಸೊಪ್ಪು ಬಲು ರುಚಿ. ಈ ಬಾಯಿಗಳಿಂದ ಸಸಿಯನ್ನು ಕಾಯುತ್ತಿದ್ದುದು ಮುಳ್ಳಿನ ಪೊದೆ. ಬುಲ್‌ಬುಲ್, ಕೋಗಿಲೆಗಳು ಹಣ್ಣು ತಿಂದು ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಿಂದ ಬಂದ ಲಂಟಾನ ಮೈಸೂರಿನ ಕಾಡಂಚುಗಳನ್ನು ಮುಚ್ಚತೊಡಗಿದಾಗ, ಅರಣ್ಯ ಇಲಾಖೆಯವರು ಹಕ್ಕಿಗಳಿಂದ ಪಾಠ ಕಲಿತರು: ಲಂಟಾನ ಮೆಳೆಗಳ ಬುಡದಲ್ಲೇ ಗಂಧದ ಬೀಜ ಊರಿಸಿದರು. ಕಾಡು ಕೆಡಿಸುವ ಕಳೆ ಎಂದು ಬೈಸಿಕೊಂಡ ಗಿಡವೇ ಹೀಗೆ ಕೆಲಕಾಲ ಗಂಧದ ದಾದಿಯಾಯಿತು.

ಅಷ್ಟರಲ್ಲಿ ಬೇರೆ ಪೀಡೆ ಬಂತು. 1899ರ ಸುಮಾರಿಗೆ ಕೊಡಗಿನಲ್ಲಿ ಗಂಧದ ಎಲೆಗಳು ವರ್ಷವರ್ಷಕ್ಕೆ ಚಿಕ್ಕದಾಗುತ್ತ, ರೆಂಬೆಗಳು ಸೆಟೆದು ಕಡ್ಡಿಯಂತಾಗಿ ಮರಗಳು ಸಾಯತೊಡಗಿದವು. ಸ್ಪೈಕ್ ರೋಗ ಎಂದು ಹೆಸರಿಟ್ಟರು. ಕೆಲವೇ ವರ್ಷದಲ್ಲಿ ಮೈಸೂರಿಗೂ ಹಬ್ಬಿತು. ಕಾರಣ ಹುಡುಕುವಾಗ ಮತ್ತೆ ನೆರೆಹೊರೆಯ ಮಾತೇ ಎದ್ದಿತು. ಆಸರೆ ಗಿಡ ಸತ್ತು ಅಥವಾ ಬದಲಾಗಿ ಗಂಧದ ರಸದ ಸಮತೋಲ ತಪ್ಪುವುದೇ ಇದಕ್ಕೆ ಮೂಲ ಎಂದು ಡೆಹ್ರಾಡೂನಿನ ಸಸ್ಯಶಾಸ್ತ್ರಜ್ಞ ಆರ್. ಎಸ್. ಹೋಲ್ ವಾದಿಸಿದ. ಮೈಸೂರಿನ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ರೋಗದ ರೆಂಬೆಯನ್ನು ಆರೋಗ್ಯದ ಮರಕ್ಕೆ ಕಸಿ ಕಟ್ಟಿ, ಇದು ಅಂಟುರೋಗ ಎಂದು 1917ರಲ್ಲಿ ತೋರಿಸಿದರು. ಕೋಶಗೋಡೆಯಿಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾವೇ ಅಪರಾಧಿ ಎಂದು ಗೊತ್ತಾಗಲು 1969ರವರೆಗೆ ಕಾಯಬೇಕಾಯಿತು. ಹೋಲ್ ಹೇಳಿದ್ದು ತಪ್ಪಾಯಿತು, ನಿಜ. ಆದರೂ ರೋಗ ಬಡಿದ ಮರದ ಹೀರುಬೇರುಗಳು ಸಾಯುತ್ತವೆ ಎಂಬ ಸಂಗತಿ ನೋಡಿದರೆ ಆತ ಹುಡುಕಿದ ಜಾಗ ಅಷ್ಟೇನೂ ದೂರದ್ದಲ್ಲ.

ಇದೇ ವರ್ಷಗಳಲ್ಲಿ ಗಂಧದ ವ್ಯಾಪಾರ ಮಗ್ಗುಲು ಬದಲಿಸಿತು. ಮೈಸೂರಿನ ಗಂಧದ ದೊಡ್ಡ ಗಿರಾಕಿ ಜರ್ಮನಿ. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿದಾಗ ಕೋಠಿಗಳಲ್ಲಿ ಮಾಲು ಉಳಿಯಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರವೇ ಎಣ್ಣೆ ತೆಗೆಯುವ ಕಾರ್ಖಾನೆ ಹೂಡಿತು. ಆ ಎಣ್ಣೆಯಿಂದ ಮುಂದೆ ಹುಟ್ಟಿದ ಸಾಬೂನಿನ ಕಥೆ ಎಲ್ಲರಿಗೂ ಗೊತ್ತು.

ಎಣ್ಣೆಯ ಲೆಕ್ಕ ಬಂದಾಗ ಇನ್ನೊಂದು ತೊಡಕಿಗೆ ಬೆಲೆ ಬಂತು. ಮರ ದಪ್ಪವಾಗುವುದು ಬೇರೆ, ಚೇಗು ಕಟ್ಟುವುದು ಬೇರೆ. ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷದ ಹೊತ್ತಿಗೆ ಚೇಗು ಶುರುವಾಗುತ್ತದೆ. ಸಾರವತ್ತಾದ ತೇವದ ನೆಲದಲ್ಲಿ ಮರ ಬೇಗ ಸುತ್ತಳತೆ ಹಾಕುತ್ತದೆ, ಒಳಗೆ ನೋಡಿದರೆ ಬಿಳಿಯೇ ಹೆಚ್ಚು. ಗರಸು, ಕಲ್ಲು, ಕಡಿಮೆ ಮಳೆಯ ನೆಲದಲ್ಲಿ ನಿಧಾನವಾಗಿ ಏಗುತ್ತ ಬೆಳೆದ ಮರದಲ್ಲಿ ವಾಸನೆ ಗಾಢ. ಬಯಲುಸೀಮೆಯ ಗಂಧಕ್ಕೆ ಮಲೆನಾಡಿನದಕ್ಕಿಂತ ಹೆಸರು ಬಂದದ್ದು ಹೀಗೆ. ಬೇಗ ಬೆಳೆಸುವುದೇ ಗುರಿಯಾದ ವನಶಾಸ್ತ್ರಕ್ಕೆ ಗಂಧ ಇಲ್ಲೂ ಸೊಪ್ಪು ಹಾಕಲಿಲ್ಲ.

2001ರಲ್ಲಿ ಕರ್ನಾಟಕ ಕಾನೂನು ತಿದ್ದಿ, ಜಮೀನಿನಲ್ಲಿ ಬೆಳೆದ ಗಂಧ ಜಮೀನಿನವರದ್ದೇ ಎಂದಿತು. ಆಮೇಲೆ ಗಂಧ ಕಾಡುಬಿಟ್ಟು ಹೊಲಕ್ಕಿಳಿಯಿತು, ತೆಲಂಗಾಣದ ಒಣಸೀಮೆಯವರೆಗೂ ಹಬ್ಬಿತು. ಈ ಪಯಣದಲ್ಲಿ ಅದಕ್ಕೆ ಸಿಕ್ಕ ಮೊದಲ ನೆರೆ ತೊಗರಿ. ಸಸಿಗೆ ಎಳವೆಯಲ್ಲಿ ಕೊಡಬೇಕಾದ ಆಸರೆ ಗಿಡಗಳಲ್ಲಿ ತೊಗರಿಗೆ ಮುಂಚೂಣಿಯ ಸ್ಥಾನ. ನಾರಾಯಣಪೇಟೆ ಜಿಲ್ಲೆಯ ಉಟ್ಕೂರಿನ ಸುತ್ತಮುತ್ತಲಿನ ಊರುಗಳಲ್ಲಿ ತೊಗರಿ ಬೆಳೆಯುವುದನ್ನು ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ, 1956ಕ್ಕೆ ಮೊದಲು ಕಲಬುರಗಿ ಜಿಲ್ಲೆಯಲ್ಲೇ ಇದ್ದ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಉಟ್ಕೂರು, ಮಕ್ತಲ್ ಇರುವುದು ಅದೇ ತೊಗರಿ ಬಯಲಿನ ಅಂಚಿನಲ್ಲಿ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಗಂಧ ತಾಳಿಕೊಳ್ಳುವ ಕೆಳಮಿತಿಯ ಹತ್ತಿರ. ಎರೆಭೂಮಿಯಲ್ಲಿ ಮಳೆಗಾಲಕ್ಕೆ ನೀರು ನಿಂತು ಗಂಧದ ಬೇರು ಕೊಳೆಯುವ ಭಯ, ಮಸಾರಿಯಲ್ಲಿ ಆ ಭಯ ಕಡಿಮೆ.

ತೊಡಕಿರುವುದು ತೊಗರಿಯ ಆಯುಸ್ಸಿನಲ್ಲಿ. ಕಾಯಿ ಬಲಿತು ಚಳಿಗಾಲದಲ್ಲಿ ಬುಡ ಕೊಯ್ದರೆ ನೆಲದೊಳಗಿನ ಬೇರೂ ಸಾಯುತ್ತದೆ, ಗಂಧದ ಸಸಿ ಬೇಸಿಗೆಯ ಮುಂದೆ ಒಂಟಿಯಾಗುತ್ತದೆ. ಅದಕ್ಕೇ ಗಂಧ ನೆಟ್ಟ ದಿನವೇ ಒಂದೆರಡು ಮಾರು ದೂರದಲ್ಲಿ ಹೊಂಗೆಯನ್ನೋ ಸರ್ವೆಯನ್ನೋ ನೆಡುತ್ತಾರೆ. ಅದರ ಬೇರು ಹರಡಿ ಗಂಧಕ್ಕೆ ಸಿಗುವವರೆಗೆ ಬುಡದ ಪಕ್ಕದ ತೊಗರಿಯನ್ನು ಕಾಳಿನ ಆಸೆಯಿಲ್ಲದೆ ಹಾಗೇ ಬಿಡಬೇಕು, ಇಲ್ಲವೇ ಮುಂಗಾರು ಬಿದ್ದ ಕೂಡಲೇ ಮತ್ತೆ ನಾಲ್ಕು ಕಾಳು ಊರಬೇಕು.