ಕಣ್ಣು ಎರಡು, ನೋಟ ಒಂದು

ಶಿವಮೊಗ್ಗದ ಕಡೆಯಿಂದ ತುಂಗೆ, ಭದ್ರಾವತಿಯ ಕಡೆಯಿಂದ ಭದ್ರೆ ಹರಿದುಬಂದು ಕೂಡಲಿಯಲ್ಲಿ ಒಂದಾಗುತ್ತವೆ. ನಮ್ಮ ಎರಡು ಕಣ್ಣುಗಳು ಕಂಡ ಎರಡು ಚಿತ್ರಗಳೂ ಹಾಗೆಯೇ ಮಿದುಳಿನಲ್ಲಿ ಕೂಡಿ ಒಂದೇ ನೋಟವಾಗುತ್ತವೆ. ಕಣ್ಣುಗಳ ನಡುವೆ ಸುಮಾರು 6.5 ಸೆಂ.ಮೀ. ಅಂತರವಿರುವುದರಿಂದ ಆ ಚಿತ್ರಗಳು ತದ್ರೂಪವಲ್ಲ. ಅವುಗಳ ಸಣ್ಣ ವ್ಯತ್ಯಾಸದಿಂದಲೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುತ್ತದೆ. ಹಾಗಾದರೆ ಒಂದು ಚಿತ್ರ ಮಸುಕಾದರೆ ಏನಾಗುತ್ತದೆ?

ಮೊದಲು ಸ್ವಲ್ಪ ಇತಿಹಾಸ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್ ಕನ್ನಡಿಗಳಿಂದ ಒಂದು ಉಪಕರಣ ರಚಿಸಿ, ಎರಡೂ ಕಣ್ಣುಗಳಿಗೆ ತುಸು ಬೇರೆಬೇರೆಯಾದ ಚಿತ್ರಗಳನ್ನು ತೋರಿಸಿದರು. ಛಾಯಾಚಿತ್ರ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಅವರು ಬಳಸಿದ್ದು ಬರೀ ಗೆರೆಚಿತ್ರಗಳನ್ನು. ಆದರೂ ಚಪ್ಪಟೆ ಗೆರೆಗಳು ಘನವಸ್ತುವಾಗಿ ಎದ್ದು ನಿಂತವು! ಈ ಉಪಕರಣವೇ ಸ್ಟೀರಿಯೋಸ್ಕೋಪ್.

ಒಕ್ಕಣ್ಣಿಗೆ ಆಳ ತಿಳಿಯುವುದೇ ಇಲ್ಲವೆಂದಲ್ಲ. ಟಿ.ವಿ. ಕ್ಯಾಮೆರಾ ಒಕ್ಕಣ್ಣಿನದೇ. ಆದರೂ ನೆರಳು, ಗಾತ್ರ, ಚಲನೆಗಳ ಸಹಾಯದಿಂದ ನೀವು ಅದರ ಚಿತ್ರದಲ್ಲಿ ದೂರವನ್ನು ಊಹಿಸುತ್ತೀರಿ. ಆದರೆ ಸೂಜಿಗೆ ದಾರ ಪೋಣಿಸುವಂಥ ಸೂಕ್ಷ್ಮ ಕೆಲಸಕ್ಕೆ ಊಹೆ ಸಾಲದು. ಅಲ್ಲಿ ಎರಡೂ ಕಣ್ಣುಗಳ ನಿಖರ ಲೆಕ್ಕ ಬೇಕು.

ಈ ಲೆಕ್ಕದ ಮೇಲೆ ಮಸುಕಿನ ಪರಿಣಾಮವನ್ನು ಅಮೆರಿಕದ ಜೆರಾಲ್ಡ್ ವೆಸ್ಟ್‌ಹೈಮರ್ ಮತ್ತು ಸುಜಾನ್ ಮೆಕೀ 1980ರಲ್ಲಿ ಅಳೆದರು. ಮಸುಕು ಆಳದ ಅರಿವನ್ನು ಕುಗ್ಗಿಸುತ್ತದೆ ಎಂಬುದು ನಿರೀಕ್ಷಿತವೇ. ಅಚ್ಚರಿಯ ಸಂಗತಿ ಬೇರೆ: ಎರಡೂ ಕಣ್ಣುಗಳು ಸಮನಾಗಿ ಮಸುಕಾದಾಗ ಆಗುವುದಕ್ಕಿಂತ ಹೆಚ್ಚಿನ ಹಾನಿ, ಒಂದೇ ಕಣ್ಣು ಮಸುಕಾದಾಗ ಆಗುತ್ತದೆ. ಒಂದಕ್ಕೊಂದು ಹೋಲದ ಚಿತ್ರಗಳನ್ನು ತಾಳೆ ನೋಡುವುದು ಮಿದುಳಿಗೆ ಕಷ್ಟ.

ಇದು ಪ್ರಯೋಗಾಲಯದ ಮಾತಷ್ಟೇ ಅಲ್ಲ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಇಂಥ ಕಾರ್ಖಾನೆಗಳಲ್ಲಿ ಕರಗಿದ ಲೋಹ ತುಂಬಿದ ಲ್ಯಾಡಲನ್ನು ಕ್ರೇನಿನಿಂದ ಸಾಗಿಸುವವನಿಗೆ ಅಂತರದ ಅಂದಾಜು ತಪ್ಪುವಂತಿಲ್ಲ. ಆದರೆ ಕಾದ ಕುಲುಮೆಯಿಂದ ಹೊಮ್ಮುವ ಅವಕೆಂಪು ಕಿರಣಗಳಿಗೆ ವರ್ಷಗಟ್ಟಲೆ ಕಣ್ಣೊಡ್ಡಿದರೆ ಕಣ್ಣಿನ ಮಸೂರ ಮಬ್ಬಾಗಿ ಪೊರೆ ಬರಬಹುದು. ಯೂರೋಪಿನ ಗಾಜು ಊದುವ ಕಾರ್ಮಿಕರಲ್ಲಿ ಇದು ಹಿಂದಿನಿಂದಲೂ ಕಂಡುಬಂದಿತ್ತು. ಅವರ ರಕ್ಷಣೆಗೆಂದು ವಿಲಿಯಂ ಕ್ರೂಕ್ಸ್ ಬಗೆಬಗೆಯ ಗಾಜುಗಳನ್ನು ತಯಾರಿಸಿ ಪರೀಕ್ಷಿಸಿ, ಫಲಿತಾಂಶವನ್ನು 1914ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಕಲಮು ಕಾರ್ಮಿಕರ ಕಣ್ಣಿನ ರಕ್ಷಣೆಗಾಗಿಯೇ ಬಂದಿತು.

ಕುಲುಮೆಯ ಹತ್ತಿರ ಸುಳಿಯದವರಿಗೂ ವಯಸ್ಸಾದಂತೆ ಪೊರೆ ಬರುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ (1916–2005) ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಬಡವರ ಪೊರೆ ತೆಗೆದು ಬೆಳಕು ಕೊಟ್ಟರು. ಆದರೆ ಆ ಕಾಲದ ಶಸ್ತ್ರಚಿಕಿತ್ಸೆಗೆ ಒಂದು ಮಿತಿ ಇತ್ತು. ಪೊರೆಯೊಡನೆ ಮಸೂರವೇ ಹೋಗುತ್ತಿದ್ದುದರಿಂದ ರೋಗಿ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಧರಿಸಬೇಕಾಗಿತ್ತು. ಅದರಲ್ಲಿ ವಸ್ತುಗಳು ಸುಮಾರು ಕಾಲು ಪಾಲಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಒಂದೇ ಕಣ್ಣಿನ ಪೊರೆ ತೆಗೆದು ಇನ್ನೊಂದು ಚೆನ್ನಾಗಿದ್ದರೆ ಒಂದು ಚಿತ್ರ ದೊಡ್ಡದು, ಮತ್ತೊಂದು ಚಿಕ್ಕದು. ಎರಡೂ ಕೂಡುತ್ತಲೇ ಇರಲಿಲ್ಲ. ಓದಲು ಬರುತ್ತಿತ್ತು, ಮೆಟ್ಟಿಲು ಇಳಿಯುವಾಗ ಕಾಲು ತಡವರಿಸುತ್ತಿತ್ತು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣಿನೊಳಗೇ ಕೃತಕ ಮಸೂರ ಇಟ್ಟು ಇದಕ್ಕೆ ದಾರಿ ತೋರಿದರು. ಮೊದಮೊದಲು ವೈದ್ಯರೇ ವಿರೋಧಿಸಿದರು. ಮುಂದೆ ಅದೇ ಎಲ್ಲೆಡೆಯ ಪದ್ಧತಿಯಾಯಿತು.

ವಿದ್ಯಾರ್ಥಿಗಳಾದ ನಿಮಗೆ ಪೊರೆಯ ಚಿಂತೆ ಈಗ ಬೇಡವೆನ್ನಿಸಬಹುದು. ಆದರೆ ಎಳೆಯ ವಯಸ್ಸಿನಲ್ಲಿ ಒಂದು ಕಣ್ಣು ಮಸುಕಾಗಿಯೇ ಉಳಿದರೆ ಮಿದುಳು ಅದರ ಚಿತ್ರವನ್ನು ಕಡೆಗಣಿಸುವುದನ್ನು ಕಲಿತುಬಿಡುತ್ತದೆ. ಇದನ್ನೇ 'ಸೋಮಾರಿ ಕಣ್ಣು' ಎನ್ನುತ್ತಾರೆ. ಒಳ್ಳೆಯ ಕಣ್ಣು ಕೆಲಸವನ್ನೆಲ್ಲ ಸಾಗಿಸುವುದರಿಂದ ಮಗುವಿಗೂ ಮನೆಯವರಿಗೂ ಅದು ಗೊತ್ತಾಗುವುದಿಲ್ಲ. ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ನಾಳೆ ತರಗತಿಯಲ್ಲಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಕಪ್ಪುಹಲಗೆ ಓದಿ. ಬಳಿಕ ಇನ್ನೊಂದನ್ನು ಮುಚ್ಚಿ ಓದಿ. ಮನೆಯಲ್ಲಿ ತಮ್ಮ ತಂಗಿಯರಿಗೂ ಗೋಡೆಯ ಕ್ಯಾಲೆಂಡರನ್ನು ಹೀಗೆಯೇ ತೋರಿಸಿ. ಎರಡೂ ಕಣ್ಣುಗಳಿಗೆ ಸಮನಾಗಿ ಕಾಣದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.