ಯಾದವಗಿರಿಯ ಯೆಜ್ಡಿ, ಅಮ್ರೇಲಿಯ ಬುಲೆಟ್



ಚಳಿಗಾಲದ ಭಾನುವಾರ ಬೆಳಗಿನ ಜಾವ ನವರಂಗಪುರದ ಕಾಮರ್ಸ್ ಸಿಕ್ಸ್ ರೋಡ್ಸ್ ಹತ್ತಿರ ಚಹಾಕ್ಕೆ ನಿಂತವರು ನೀವಾದರೆ ಇಂಥ ಬೈಕುಗಳನ್ನು ನೋಡಿರುತ್ತೀರಿ. ಸೀಟು ಸೊಂಟದೆತ್ತರ. ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡದು. ಮಡ್‌ಗಾರ್ಡು ಹಕ್ಕಿಯ ಕೊಕ್ಕಿನ ಹಾಗೆ ಚಾಚಿಕೊಂಡಿದೆ, ಸೈಲೆನ್ಸರು ನೆಲ ಬಿಟ್ಟು ಮೇಲಕ್ಕೇರಿದೆ. ಸವಾರರು ಚಹಾ ಮುಗಿಸಿ ದಸಾಡಾ ದಾರಿ ಹಿಡಿದು ಚಿಕ್ಕ ರಣ್ ಕಡೆಗೆ ಹೊರಡುತ್ತಾರೆ. ಡಾಂಬರು ಮುಗಿದ ಮೇಲೂ ಓಡುವ, ಮತ್ತೆ ಅದೇ ಡಾಂಬರಿನ ಮೇಲೆ ಸೋಮವಾರ ಆಫೀಸಿಗೂ ಒಯ್ಯುವ ಈ ಗಾಡಿಗೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು.

ಹೊರಗಿನ ದೇಶಗಳಲ್ಲಿ ಇದರ ಇತಿಹಾಸ ಬರೆದಿಟ್ಟದ್ದೇ ಇದೆ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಸ್ಪರ್ಧೆ ಶುರುವಾಯಿತು. ಆರು ದಿನ ಕಲ್ಲು, ಕೆಸರು, ಹಳ್ಳ ದಾಟಬೇಕು, ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. 1968ರಲ್ಲಿ ಯಮಾಹಾ ಡಿಟಿ-1 ಬಂತು, 1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಬಂತು. ನಮ್ಮ ಅಂಗಡಿಗಳಿಗೆ ಹೀರೋ ಇಂಪಲ್ಸ್ ಬಂದದ್ದು 2011ರಲ್ಲಿ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ, ಹೀರೋ ಎಕ್ಸ್‌ಪಲ್ಸ್ 2019ರಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದದ್ದೂ ಇದೇ ಹೊತ್ತಿನಲ್ಲಿ.

ಇಷ್ಟು ಓದಿದರೆ ನಾವು ತೀರ ತಡವಾಗಿ ಬಂದವರು ಅನ್ನಿಸುತ್ತದೆ. ಅದು ಕಂಪನಿಗಳ ಲೆಕ್ಕ. ನಮ್ಮಲ್ಲಿ ಕೆಟ್ಟ ದಾರಿ ಮೊದಲಿನಿಂದಲೂ ಇತ್ತು, ಆ ದಾರಿಯಲ್ಲಿ ಹೋಗಲೇಬೇಕಾದ ಜನವೂ ಇದ್ದರು. ಅವರಿಗೆ ಬೇಕಾದ ಗಾಡಿ ತಯಾರಾದದ್ದು ಗ್ಯಾರೇಜಿನಲ್ಲಿ. ಆ ಕತೆಯ ಒಂದು ತುದಿ ನಮ್ಮ ಮೈಸೂರಿನಲ್ಲಿದೆ, ಇನ್ನೊಂದು ತುದಿ ನೀವೀಗ ಇರುವ ಗುಜರಾತಿನಲ್ಲಿ.

ಮೈಸೂರಿನಿಂದ ಶುರು ಮಾಡೋಣ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಹಳೆಯ ಮೈಸೂರಿಗರಿಗೆಲ್ಲ ಗೊತ್ತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಕಂಪನಿ ಕಟ್ಟಿದರು. 1961ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಗಾಡಿಯ ಮೂಲ ಚೆಕೊಸ್ಲೊವಾಕಿಯಾದ ಜಾವಾ. ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ 1929ರಲ್ಲಿ ಇಟ್ಟ ಹೆಸರು ಅದು. ಮೇಲೆ ಹೇಳಿದ ಆರು ದಿನಗಳ ಸ್ಪರ್ಧೆಯನ್ನು ಚೆಕ್ ತಂಡಗಳು ಹಲವು ಸಲ ಗೆದ್ದಿವೆ. ಹಾಗಾಗಿ ಮೈಸೂರಿಗೆ ಬಂದ ಗಾಡಿ ನೋಡಲು ಸಂಭಾವಿತನಂತಿದ್ದರೂ ಅದರ ವಂಶದಲ್ಲಿ ಕೆಸರಿತ್ತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು.

ಈ ಗಾಡಿಯನ್ನು ಬಿಚ್ಚಿ ನೋಡಿದವರಿಗೆ ಅದರ ಮರ್ಯಾದೆ ತಿಳಿಯುತ್ತದೆ. 250 ಸಿಸಿ, ಟೂ ಸ್ಟ್ರೋಕ್. ಸೈಲೆನ್ಸರ್ ಎರಡು, ಸಿಲಿಂಡರ್ ಒಂದೇ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಎಂಜಿನ್ನಿನ ಹೆಡ್ ತೆಗೆಯಲು ನಾಲ್ಕಾರು ಪಾನಾ ಸಾಕು. ಒಂದೇ ಲಿವರ್ ಕಿಕ್ಕೂ ಹೌದು, ಗೇರೂ ಹೌದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಚೈನಿನ ಪೆಟ್ಟಿಗೆ. ಚೈನು ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ಓಡುತ್ತಿತ್ತು. ಧೂಳು ತಾಗದು, ಕೆಸರು ತಾಗದು, ಎಣ್ಣೆ ಒಳಗೇ ಉಳಿಯುತ್ತದೆ. ಇಂದಿನ ಸಾಹಸದ ಬೈಕುಗಳಲ್ಲಿ ಚೈನು ಬಯಲಿಗೆ ಬಿದ್ದಿರುತ್ತದೆ. ಚಂದಕ್ಕೋ ಹಗುರಕ್ಕೋ ಹೀಗೆ ಮಾಡಿದ್ದಾರೆ, ಸವಾರ ಮಾತ್ರ ಕ್ಯಾನು ಹಿಡಿದು ಕೂರಬೇಕು.

ಕಾಟವೂ ಇತ್ತು. ಪೆಟ್ರೋಲಿಗೆ ಆಯಿಲ್ ಅಳೆದು ಬೆರೆಸಬೇಕು. ಅಳತೆ ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಉಸಿರುಗಟ್ಟುತ್ತದೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮಸಿ ಕಟ್ಟಿದಾಗ ಸೈಲೆನ್ಸರ್ ಬಿಚ್ಚಿ, ಒಳಗಿನ ಕೊಳವೆ ಎಳೆದು ಬೆಂಕಿಗೆ ಹಿಡಿಯುವುದು ಇಲ್ಲವೇ ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿಡುವುದು ಆಗಿನ ಗ್ಯಾರೇಜಿನ ನಿತ್ಯದ ಕೆಲಸ. ಚಕ್ರವನ್ನು ಅರ್ಧ ಮುಚ್ಚುವಷ್ಟು ಆಳದ ಮಡ್‌ಗಾರ್ಡು ಪೇಟೆಗೆ ಬಲು ಸೊಗಸು. ಮಲೆನಾಡಿನ ಜೇಡಿಮಣ್ಣಿನಲ್ಲಿ ಅದೇ ಶತ್ರು. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಚಕ್ರ ತಿರುಗದೆ ನಿಲ್ಲುತ್ತದೆ. ತೋಟದ ದಾರಿಯಲ್ಲಿ ಓಡಾಡುವವರು ಅದನ್ನು ಎತ್ತರಿಸಿಕೊಳ್ಳಬೇಕು ಇಲ್ಲವೇ ಕತ್ತರಿಸಿಕೊಳ್ಳಬೇಕು. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಚಿಕ್ಕದು ಹಾಕಿದರೆ ಏರಿಗೆ ಬಲ ಬರುತ್ತದೆ, ಓಟ ಸ್ವಲ್ಪ ಕಡಿಮೆಯಾಗುತ್ತದೆ. ಹ್ಯಾಂಡಲ್ ಅಗಲ ಮಾಡಿದರೆ ಕೆಸರಿನಲ್ಲಿ ಹಿಡಿತ ಸಿಗುತ್ತದೆ. ಈಗ ಇದಕ್ಕೆಲ್ಲ ಕಿಟ್ ಎಂದು ಹೆಸರಿಟ್ಟು ಪೆಟ್ಟಿಗೆಯಲ್ಲಿ ಮಾರುತ್ತಾರೆ. ಆಗ ಒಬ್ಬ ಮೆಕ್ಯಾನಿಕ್ಕು, ಪಕ್ಕದಲ್ಲೊಬ್ಬ ವೆಲ್ಡಿಂಗಿನವನು ಇದ್ದರೆ ಆಗುತ್ತಿತ್ತು.

1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಗಾಡಿ ಮುಚ್ಚಲಿಲ್ಲ. ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಊರೂರಲ್ಲಿ ಅವು ಸಾಲಾಗಿ ಹೊರಡುತ್ತವೆ. ಜಾವಾ ಹೆಸರಿನಲ್ಲಿ 2018ರಿಂದ, ಯೆಜ್ಡಿ ಹೆಸರಿನಲ್ಲಿ 2022ರಿಂದ ಹೊಸ ಬೈಕುಗಳು ಬಂದಿವೆ. ಆ ಯೆಜ್ಡಿಗಳ ಪೈಕಿ ಒಂದಕ್ಕೆ ಅಡ್ವೆಂಚರ್ ಎಂದೇ ಹೆಸರು. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ ಫೋರ್ ಸ್ಟ್ರೋಕ್. ಹಳೆಯದರ ಒಂದು ನಟ್ಟೂ ಹೊಸದಕ್ಕೆ ಕೂರುವುದಿಲ್ಲ. ಹಳೆಯ ಯೆಜ್ಡಿಯನ್ನು ಇಷ್ಟು ವರ್ಷ ಓಡಿಸುತ್ತಿರುವುದು ಲೇತಿನ ಮೇಲೆ ಬಿಡಿಭಾಗ ಮಾಡಿಕೊಡುವ, ಕ್ರ್ಯಾಂಕ್ ಬಿಚ್ಚಿ ಬೇರಿಂಗ್ ಕೂರಿಸುವ ಕೈಗಳು. ಆ ಕೈಗಳ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗ ಗುಜರಾತು. ಸೌರಾಷ್ಟ್ರದ ಕಡೆ ಬಸ್ಸಿನಲ್ಲಿ ಹೋದವರೆಲ್ಲ ಛಕಡೋ ನೋಡಿದ್ದೀರಿ. ಮುಂದೆ ಬುಲೆಟ್ಟಿನ ಮುಖ, ಹಿಂದೆ ಎರಡು ಚಕ್ರದ ಬಂಡಿ, ನಡುವೆ ಪಂಪ್‌ಸೆಟ್ಟಿನ ಜಾತಿಯ ಡೀಸೆಲ್ ಎಂಜಿನ್. ಶಬ್ದ ಮೊದಲು ಬರುತ್ತದೆ, ಗಾಡಿ ಆಮೇಲೆ. ರಾಜಕೋಟದ ಅತುಲ್ ಆಟೋ ಕಂಪನಿ ಬೆಳೆದದ್ದು ಈ ಛಕಡೋದಿಂದಲೇ.

ಬುಲೆಟ್ಟೇ ಯಾಕೆ, ಯೆಜ್ಡಿ ಯಾಕಲ್ಲ? ಯೆಜ್ಡಿಯಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಹೊಟ್ಟೆಯಲ್ಲಿವೆ. ಎಂಜಿನ್ ಬೇಡವೆಂದರೆ ಗೇರೂ ಹೋಯಿತು. ಹಳೆಯ ಬುಲೆಟ್ಟಿನಲ್ಲಿ ಅವೆರಡು ಬೇರೆ ಬೇರೆ ಡಬ್ಬಿಗಳು, ಬೋಲ್ಟು ಹಾಕಿ ಕೂಡಿಸಿದ್ದು. ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದರೂ ಗೇರ್‌ಬಾಕ್ಸು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಮದ್ರಾಸಿನ ಕಂಪನಿಯೇ ಮುಂದೆ ಟಾರಸ್ ಎಂಬ ಡೀಸೆಲ್ ಬುಲೆಟ್ಟನ್ನು ಮಾರಿತು. ಮುಚ್ಚಿದ ಯಂತ್ರ ಒಂದೇ ಕೆಲಸ ಮಾಡುತ್ತದೆ, ಬಿಡಿಬಿಡಿಯಾದ ಯಂತ್ರ ನೂರು ರೂಪ ತಾಳುತ್ತದೆ ಎಂಬುದು ನನ್ನ ಊಹೆ.

ಆ ನೂರರಲ್ಲಿ ಒಂದು ರೂಪ ಅಮ್ರೇಲಿ ಜಿಲ್ಲೆಯ ಮೋಟಾ ದೇವಳಿಯಾ ಎಂಬ ಹಳ್ಳಿಯಲ್ಲಿ ಹುಟ್ಟಿತು. ಮನ್ಸುಖಭಾಯಿ ಜಗಾನಿ ಎಂಬ ಗ್ಯಾರೇಜಿನ ಮನುಷ್ಯ. 1990ರ ದಶಕದ ಮಾತು. ಬರ ಬಿದ್ದು ಮೇವಿಲ್ಲ, ಎತ್ತು ಸಾಕುವುದು ಕಷ್ಟ, ಟ್ರ್ಯಾಕ್ಟರ್ ಸಣ್ಣ ರೈತನ ಕೈಗೆ ಎಟುಕದು. ಜಗಾನಿ ಒಂದು ಡೀಸೆಲ್ ಬುಲೆಟ್ಟಿನ ಹಿಂದಿನ ಚಕ್ರ ಕಳಚಿದರು. ಅದರ ಜಾಗಕ್ಕೆ ಎರಡು ಚಕ್ರದ ಅಚ್ಚು ಕೂರಿಸಿ, ಅದರ ಹಿಂದೆ ಒಂದು ಕಬ್ಬಿಣದ ಚೌಕಟ್ಟು ಬಿಗಿದರು. ಚೌಕಟ್ಟಿಗೆ ಬೇಕಾದ ಉಪಕರಣ ಸಿಕ್ಕಿಸಿದರಾಯಿತು. ನಮ್ಮ ಧಾರವಾಡ, ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಂಟೆ, ಕುಂಟೆ, ಕೂರಿಗೆ ಮೂರಕ್ಕೂ ಒಂದೇ ಬೈಕು. ಬಿತ್ತನೆ ಮುಗಿದ ಮೇಲೆ ಚೌಕಟ್ಟು ಬಿಚ್ಚಿ, ಹಿಂದಿನ ಚಕ್ರ ಹಾಕಿಕೊಂಡು ಪೇಟೆಗೆ ಹೋಗಬಹುದು. ಬುಲೆಟ್ ಸಾಂತಿ ಎಂದು ಅದರ ಹೆಸರು. ಹೊಲಕ್ಕೂ ಸೈ, ರಸ್ತೆಗೂ ಸೈ. ಡ್ಯುಯಲ್ ಸ್ಪೋರ್ಟ್ ಅಂದರೆ ಇನ್ನೇನು? ಇಲ್ಲಿ ಸ್ಪೋರ್ಟ್ ಇರಲಿಲ್ಲ ಅಷ್ಟೆ, ಹೊಟ್ಟೆಪಾಡಿತ್ತು.

ಜಗಾನಿಯವರ ಹೆಸರು ಇವತ್ತು ನಮಗೆ ಗೊತ್ತಿರುವುದಕ್ಕೆ ಕಾರಣ ನಿಮ್ಮ ಅಹಮದಾಬಾದೇ. ಐಐಎಂನ ಪ್ರೊ. ಅನಿಲ್ ಗುಪ್ತಾ ಮತ್ತು ಗೆಳೆಯರು ಹನಿ ಬೀ ಎಂಬ ಬಳಗ ಕಟ್ಟಿದರು. ಜೇನುನೊಣ ಹೂವಿನಿಂದ ಮಕರಂದ ಒಯ್ದರೂ ಹೂವು ಬಡವಾಗುವುದಿಲ್ಲ. ಹಾಗೆಯೇ ಹಳ್ಳಿಯವನ ಅರಿವನ್ನು ಬರೆದುಕೊಂಡರೆ ಅವನ ಹೆಸರು ಹಾಕಿ, ಅವನ ಭಾಷೆಯಲ್ಲೇ ಅವನಿಗೆ ತಿರುಗಿ ಮುಟ್ಟಿಸಬೇಕು ಎಂಬುದು ಅವರ ನಿಯಮ. 1993ರಲ್ಲಿ ಸೃಷ್ಟಿ ಸಂಸ್ಥೆ, ಆಮೇಲೆ ಗಿಯಾನ್, 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಬಂದವು. ಸೃಷ್ಟಿಯವರದು ಇದೇ ನವರಂಗಪುರದಲ್ಲಿ, ಗುಜರಾತ್ ವಿಶ್ವವಿದ್ಯಾಲಯದ ಗ್ರಂಥಾಲಯದ ಹತ್ತಿರದ ವಿಳಾಸ. ಇವರ ನೆರವಿನಿಂದ ಬುಲೆಟ್ ಸಾಂತಿಗೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಹನಿ ಬೀ ಪತ್ರಿಕೆಗೆ ಗುಜರಾತಿಯಲ್ಲಿ ಲೋಕಸರವಾಣಿ ಎಂಬ ರೂಪವಿತ್ತು. ಕನ್ನಡದಲ್ಲೂ ಒಂದು ಇತ್ತೆಂದರೆ ನಿಮಗೆ ಆಶ್ಚರ್ಯವಾಗಬಹುದು. ಅದರ ಹೆಸರು ಹಿತ್ತಲಗಿಡ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ತಿರುಗಿಸಿ ನಿಲ್ಲಿಸಿದ ಹೆಸರು. ಅದು ನೋಡಿದ್ದು ಹೆಚ್ಚಾಗಿ ಹೊಲದ ಕಡೆಗೆ. ಗ್ಯಾರೇಜಿನ ಕಡೆಗೂ ಅಷ್ಟೇ ನೋಡುವವರಿದ್ದರೆ ಯೆಜ್ಡಿಯ ಮೆಕ್ಯಾನಿಕ್ಕುಗಳ ಹೆಸರೂ ಇವತ್ತು ನಮ್ಮ ಬಳಿ ಇರುತ್ತಿತ್ತು ಅಂತ ಆಸೆಯಾಗುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಬಂದಂತೆ ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ಖಚಿತವಾಗಿ ಹೇಳಿತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಕೂಡದು. ರಾತ್ರಿ ಹನ್ನೊಂದಕ್ಕೆ ಸಿ.ಜಿ. ರೋಡಿನಲ್ಲಿ ಸೈಲೆನ್ಸರ್ ಬಿಚ್ಚಿ ಓಡಿಸುವವರನ್ನು ಕೇಳಿದ ಕಿವಿಗೆ ಈ ಕಾನೂನು ಹಿತವೇ. ಛಕಡೋದಲ್ಲಿ ಜನರನ್ನು ತುಂಬಿ ಹೋಗುವುದೂ ಅಪಾಯವೇ, ಅದನ್ನು ಪ್ರೀತಿಯ ನೆಪದಲ್ಲಿ ಮುಚ್ಚಿಡಬಾರದು. ಆದರೆ ಸದ್ದು ಮಾಡಲು ಸೈಲೆನ್ಸರ್ ಕಳಚಿದವನೂ ಎತ್ತಿಲ್ಲದೆ ಹೊಲ ಊಳಲು ಚಕ್ರ ಕಳಚಿದವನೂ ಕಾಗದದ ಮೇಲೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ಸರಿಯೆಂದು ನನಗೆ ತೋರುವುದಿಲ್ಲ. ಅದರ ಮೇಲೆ 2020ರ ಏಪ್ರಿಲ್‌ನಿಂದ ಬಿಎಸ್6 ಬಂದು ಬಹುಪಾಲು ಬೈಕುಗಳಲ್ಲಿ ಹಳೆಯ ಕಾರ್ಬೊರೇಟರ್ ಹೋಯಿತು, ಪೆಟ್ರೋಲಿನ ಅಳತೆ ಈಗ ಕಂಪ್ಯೂಟರಿನ ಕೈಯಲ್ಲಿದೆ. ಹೊಗೆ ಕಡಿಮೆಯಾಯಿತು, ಒಳ್ಳೆಯದು. ಬೀದಿಯ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಸರಿಪಡಿಸುವ ಜಾಗವೂ ಕಡಿಮೆಯಾಯಿತು.

ಹಾಗಾದರೆ ಇವತ್ತು ಡ್ಯುಯಲ್ ಸ್ಪೋರ್ಟ್ ಇಟ್ಟುಕೊಂಡವರು ಮಾಡುವುದೇನು? ನೀವೇ ರಣ್ ಕಡೆ ಹೋಗುವವರಾದರೆ ಅಗರಿಯಾಗಳನ್ನು ನೋಡಿ ಕಲಿಯಿರಿ. ಉಪ್ಪು ತೆಗೆಯುವ ಈ ಜನ ವರ್ಷದಲ್ಲಿ ಏಳೆಂಟು ತಿಂಗಳು ಚಿಕ್ಕ ರಣ್‌ನಲ್ಲೇ ಇರುತ್ತಾರೆ, ಸಾಮಾನ್ಯ ಬೈಕಿನಲ್ಲೇ ಓಡಾಡುತ್ತಾರೆ. ಅಲ್ಲಿ ಗಾಡಿಗೆ ಶತ್ರು ಕಲ್ಲಲ್ಲ, ಉಪ್ಪು. ಮರಳಿ ಬಂದ ದಿನವೇ ಸಿಹಿನೀರಿನಲ್ಲಿ ಕೆಳಗಿನಿಂದ ತೊಳೆಯಬೇಕು, ಒಣಗಿಸಬೇಕು, ಚೈನಿಗೆ ಎಣ್ಣೆ ಬಿಡಬೇಕು. ನಾಳೆ ಎಂದರೆ ಕಡ್ಡಿಗಳ ಬುಡದಲ್ಲಿ ತುಕ್ಕು ಹಿಡಿದಿರುತ್ತದೆ. ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಡಬ್ ಎನ್ನುತ್ತದೆ. ಧೂಳು ಗೋಧಿಹಿಟ್ಟಿನಷ್ಟು ನುಣುಪು, ಆದ್ದರಿಂದ ಏರ್ ಫಿಲ್ಟರನ್ನು ಪ್ರತಿ ಸಲ ತೆಗೆದು ನೋಡಿ. ಸ್ಪ್ರಾಕೆಟ್ ಬದಲಿಸುವ ಮನಸ್ಸಿದ್ದರೆ ಒಂದು ಲೆಕ್ಕ ತಿಳಿದಿರಲಿ. ಮುಂದೆ 14, ಹಿಂದೆ 42 ಹಲ್ಲಿದ್ದರೆ ಅನುಪಾತ 3. ಮುಂದೆ ಒಂದು ಹಲ್ಲು ಇಳಿಸುವುದೂ ಹಿಂದೆ ಮೂರು ಏರಿಸುವುದೂ ಹೆಚ್ಚುಕಮ್ಮಿ ಒಂದೇ. ಮುಂದಿನದು ಅಗ್ಗ, ಆದರೆ ಚಿಕ್ಕ ಚಕ್ರದಲ್ಲಿ ಚೈನು ಬೇಗ ಸವೆಯುತ್ತದೆ. ಚಿಕ್ಕ ರಣ್ ಕಾಡುಕತ್ತೆಗಳ ಅಭಯಾರಣ್ಯ ಎಂಬುದನ್ನೂ ಮರೆಯಬೇಡಿ. ಪರವಾನಗಿ ಇಲ್ಲದೆ ಒಳಗೆ ಹೋಗಬಾರದು, ಹೋದರೂ ದಾರಿ ಬಿಡಬಾರದು.

ಕೊನೆಗೆ ಒಂದು ಕೋರಿಕೆ. ನಿಮ್ಮಲ್ಲಿ ಕೆಲವರು ಮೈಸೂರಿನಿಂದ ಯೆಜ್ಡಿಯನ್ನು ರೈಲಿಗೆ ಹಾಕಿಸಿ ಇಲ್ಲಿಗೆ ತಂದಿರಬಹುದು, ಕೆಲವರ ತಂದೆಯವರೋ ಮಾವನವರೋ ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದಿರಬಹುದು. ಗಾಡಿಯ ಚಿತ್ರ ಬೇಡ, ಅದು ಎಲ್ಲೆಡೆ ಸಿಗುತ್ತದೆ. ಅದನ್ನು ಸರಿಮಾಡುತ್ತಿದ್ದವರು ಯಾರು, ಅವರ ಅಂಗಡಿ ಯಾವ ಬೀದಿಯಲ್ಲಿತ್ತು, ಏನು ಬದಲಾಯಿಸಿ ಕೊಟ್ಟಿದ್ದರು, ಕೆಲಸ ಯಾರಿಂದ ಕಲಿತಿದ್ದರು ಎಂಬುದನ್ನು ನಾಲ್ಕು ಸಾಲಿನಲ್ಲಿ ನಮ್ಮ ಕನ್ನಡ ವಿಭಾಗಕ್ಕೆ ಬರೆದು ಕಳಿಸಿ. ಅವರು ಬದುಕಿದ್ದರೆ ಅವರನ್ನು ಕೇಳಿಯೇ ಬರೆಯಿರಿ.