50 ಬಡಿತಗಳಲ್ಲಿ ತಾಳ ಹಿಡಿದ ಗಡಿಯಾರ

ಇವತ್ತಿನ ಕಥೆ ನಿಮ್ಮ ಜೇಬಿನಲ್ಲಿರೋ ಫೋನಿನೊಳಗೇ ಇದೆ. ಫೋನ್ ಪಕ್ಕಕ್ಕಿಟ್ಟ ಮೇಲೆ ಅದರ ಚಿಪ್‌ನ ಎಷ್ಟೋ ಭಾಗಗಳು ನಿದ್ದೆಗೆ ಜಾರುತ್ತವೆ. ಮತ್ತೆ ಮುಟ್ಟಿದ ಕೂಡಲೇ ಏಳಬೇಕು. ಏಳೋದು ಅಂದ್ರೆ, ಮೊದಲು ಅಲ್ಲಿನ ಗಡಿಯಾರ ತಾಳಕ್ಕೆ ಬರಬೇಕು. ಅದಕ್ಕೆ ತಡವಾದಷ್ಟೂ ಕೆಲಸವಿಲ್ಲದೆ ಬ್ಯಾಟರಿ ಖರ್ಚು. ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದರ ಗಣಿತಕ್ಕಿಂತ ಇದರ ಚರಿತ್ರೆಯೇ ನನ್ನನ್ನು ಹೆಚ್ಚು ಎಳೆದದ್ದು.

ಈ ಕೆಲಸ ಮಾಡುವ ಸರ್ಕ್ಯೂಟ್‌ನ ಹೆಸರು ಫೇಸ್ ಲಾಕ್ಡ್ ಲೂಪ್, ಚಿಕ್ಕದಾಗಿ ಪಿಎಲ್‌ಎಲ್. ಅದರೊಳಗೆ ವೇಗ ಬದಲಿಸಬಲ್ಲ ಒಂದು ಆಸಿಲೇಟರ್ ಇರುತ್ತೆ. ಹೊರಗಿನ ನಂಬಿಕಸ್ತ ಸ್ಫಟಿಕದ ಬಡಿತಕ್ಕೆ ಅದನ್ನು ಹೋಲಿಸುತ್ತಾ ಇರೋದು, ಹಿಂದೆ ಬಿದ್ದರೆ ತಳ್ಳೋದು, ಮುಂದೆ ಓಡಿದರೆ ಹಿಡಿಯೋದು. ಅಷ್ಟೇ. ನಡುವೆ ಒಂದು ಫಿಲ್ಟರ್, ಸಣ್ಣಪುಟ್ಟ ಗದ್ದಲಕ್ಕೆಲ್ಲ ಬೆಚ್ಚಿಬೀಳದಿರಲಿ ಅಂತ.

1932ರಲ್ಲಿ ಫ್ರಾನ್ಸ್‌ನ ಎಂಜಿನಿಯರ್ ಆನ್ರಿ ದ ಬೆಲ್ಸೀಜ್ ರೇಡಿಯೋ ಗ್ರಹಣದ ಬಗ್ಗೆ ಬರೆದ ಲೇಖನವನ್ನೇ ಸಾಮಾನ್ಯವಾಗಿ ಪಿಎಲ್‌ಎಲ್‌ನ ಹುಟ್ಟು ಅಂತ ಹೇಳ್ತಾರೆ. ಆದರೆ ಬೇಗ ಲಾಕ್ ಆಗಬೇಕು ಅನ್ನೋ ಸಂಕಟವನ್ನು ಲೆಕ್ಕದ ಮಟ್ಟಕ್ಕೆ ತಂದದ್ದು ಕಲರ್ ಟಿವಿ.

1953ರ ಕೊನೆಗೆ ಅಮೆರಿಕದಲ್ಲಿ ಎನ್‌ಟಿಎಸ್‌ಸಿ ಕಲರ್ ಪದ್ಧತಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಬಣ್ಣದ ಛಾಯೆ ನಿಂತಿರೋದು ಫೇಸ್ ಮೇಲೆ. ಪ್ರತಿ ಗೆರೆಯ ಶುರುವಿನಲ್ಲಿ 3.58 ಮೆಗಾಹರ್ಟ್ಸ್‌ನ ಸುಮಾರು 9 ಆವರ್ತಗಳ ಒಂದು ತುಣುಕು ಬರುತ್ತೆ. ಟಿವಿ ಅದಕ್ಕೇ ತಾಳ ಹೊಂದಿಸಿಕೊಳ್ಳಬೇಕು. ಕೊಂಚ ತಪ್ಪಿದರೂ ಮುಖ ಹಸಿರು! ಗದ್ದಲ ತಡೆಯೋಕೆ ಲೂಪನ್ನು ಇಕ್ಕಟ್ಟು ಮಾಡಬೇಕು. ಇಕ್ಕಟ್ಟು ಮಾಡಿದರೆ ಲಾಕ್ ಆಗೋದು ನಿಧಾನ.

ಎಷ್ಟು ನಿಧಾನ? ಹೇಜಲ್ಟೈನ್ ಕಂಪನಿಯ ಡೊನಾಲ್ಡ್ ರಿಚ್‌ಮನ್ 1954ರಲ್ಲಿ ಇದರ ಲೆಕ್ಕ ಕೊಟ್ಟರು. ಎರಡು ಬಡಿತಗಳ ಅಂತರ ಎರಡರಷ್ಟಾದರೆ ಹಿಡಿಯೋ ಸಮಯ ನಾಲ್ಕರಷ್ಟು. ಲೂಪ್‌ನ ಅಗಲ ಅರ್ಧವಾದರೆ ಸಮಯ ಎಂಟರಷ್ಟು. ಚಕ್ರಬಡ್ಡಿ ನೋಡಿದವರಿಗೂ ಗಾಬರಿಯಾಗೋ ಲೆಕ್ಕ ಇದು.

ಕಾರಣ ಸರಳ. ವೇಗಗಳು ತುಂಬಾ ಬೇರೆಯಾಗಿದ್ದಾಗ ಫೇಸ್ ಹೋಲಿಸುವ ಭಾಗ ಒಮ್ಮೆ 'ಮುಂದೆ' ಅನ್ನುತ್ತೆ, ಮರುಕ್ಷಣ 'ಹಿಂದೆ' ಅನ್ನುತ್ತೆ. ಸರಾಸರಿ ತೆಗೆದರೆ ಹೆಚ್ಚುಕಡಿಮೆ ಸೊನ್ನೆ. ಯಾವ ಕಡೆ ಹೋಗಬೇಕು ಅಂತಲೇ ಲೂಪ್‌ಗೆ ಗೊತ್ತಾಗಲ್ಲ.

ರಿಚ್‌ಮನ್ ಕೊಟ್ಟ ಪರಿಹಾರವೇ ಈ ಕಥೆಯ ತಿರುಳು: ಎರಡು ಕೆಲಸ, ಎರಡು ಕೈ. ಕ್ವಾಡ್ರಿಕೊರಿಲೇಟರ್ ಅನ್ನೋ ಅವರ ಸರ್ಕ್ಯೂಟ್ ಮೊದಲು ಆವರ್ತನದ ವ್ಯತ್ಯಾಸವನ್ನೇ ನೇರವಾಗಿ ಅಳೆದು ಹತ್ತಿರ ತರುತ್ತೆ. ಆಮೇಲೆ ಇಕ್ಕಟ್ಟಾದ ಲೂಪ್ ಫೇಸ್ ಸರಿಮಾಡುತ್ತೆ. ತಂಬೂರಿ ಶ್ರುತಿ ಮಾಡೋರನ್ನು ನೋಡಿದೀರಲ್ಲ? ಮೊದಲು ಬಿರಡೆ ತಿರುಗಿಸಿ ಸ್ವರದ ಹತ್ತಿರ ಬರ್ತಾರೆ, ಆಮೇಲೆ ಮಣಿ ಸರಿಸ್ತಾರೆ. ಬರೀ ಮಣಿಯಿಂದಲೇ ಶ್ರುತಿ ಕೂಡಿಸ್ತೀನಿ ಅಂದ್ರೆ ಕಚೇರಿ ಶುರುವಾಗೋದೇ ಇಲ್ಲ.

1970ರ ದಶಕದಲ್ಲಿ ಇದೇ ವಿಚಾರ ಅಗ್ಗದ ಚಿಪ್‌ಗಳಿಗೆ ಇಳಿಯಿತು. ಮೋಟೊರೊಲಾದ ಎಂಸಿ4044, ಆರ್‌ಸಿಎಯ ಸಿಡಿ4046 ಇಂಥವು. ಇವುಗಳ ಫೇಸ್-ಫ್ರೀಕ್ವೆನ್ಸಿ ಡಿಟೆಕ್ಟರ್ ಹಿಂದಿನ ಬಡಿತವನ್ನು ನೆನಪಿಡುತ್ತೆ. ಹಾಗಾಗಿ ಯಾರು ಜೋರು, ಯಾರು ನಿಧಾನ ಅಂತ ಗಟ್ಟಿಯಾಗಿ ಹೇಳಬಲ್ಲದು. 1980ರಲ್ಲಿ ಫ್ಲಾಯ್ಡ್ ಗಾರ್ಡ್ನರ್ ಇದರ ಜೊತೆಗಾರನಾದ ಚಾರ್ಜ್ ಪಂಪ್‌ನ ಗಣಿತ ಬರೆದರು.

ಆಮೇಲೆ ಬಂತು ಕಂಪ್ಯೂಟರ್. 1992ರಲ್ಲಿ ಇಂಟೆಲ್‌ನ ಇಯಾನ್ ಯಂಗ್ ತಂಡ 5ರಿಂದ 110 ಮೆಗಾಹರ್ಟ್ಸ್‌ವರೆಗೆ ಲಾಕ್ ಆಗೋ ಪ್ರೊಸೆಸರ್ ಗಡಿಯಾರವನ್ನು ಪ್ರಕಟಿಸಿತು. 22 ಪಟ್ಟು ಹರವು. ಒಂದೇ ವಿನ್ಯಾಸ ಹಲವು ವೇಗಕ್ಕೆ ಆಗುತ್ತೆ ಅನ್ನೋದು ಲಾಭ. ಆದರೆ ಹರವು ಹೆಚ್ಚಿದಷ್ಟೂ ಹೊರಡೋ ಜಾಗದಿಂದ ಸೇರೋ ಜಾಗ ದೂರ ಇರಬಹುದು.

ಈ ದೂರಕ್ಕೆ ಚೆಂದದ ಉತ್ತರ ಬಂದದ್ದು 1995ರಲ್ಲಿ. ಜಿಮ್ ಡನ್ನಿಂಗ್ ಮತ್ತು ಮೂವರು ಸಂಗಡಿಗರು ಪೂರ್ತಿ ಡಿಜಿಟಲ್ ಪಿಎಲ್‌ಎಲ್ ತೋರಿಸಿದರು. ಅದರ ಆಸಿಲೇಟರ್ 50ರಿಂದ 550 ಮೆಗಾಹರ್ಟ್ಸ್‌ವರೆಗೆ ಓಡುತ್ತೆ, ನಿಯಂತ್ರಣಕ್ಕೆ 16 ಬಿಟ್. ಅಂದ್ರೆ 65,536 ಮೆಟ್ಟಿಲು. ಒಂದೊಂದೇ ಹತ್ತುತ್ತಾ ಹೋದರೆ ಆಯ್ತು ಕಥೆ! ಅವರು ಹಿಡಿದದ್ದು ಬೈನರಿ ಸರ್ಚ್ ದಾರಿ. ತಾರೀಕಿನ ಪ್ರಕಾರ ಬರೆದ ದಪ್ಪ ಲೆಡ್ಜರ್‌ನಲ್ಲಿ ಒಂದು ದಿನದ ನಮೂದು ಹುಡುಕಬೇಕು ಅಂದ್ಕೊಳ್ಳಿ. ನಟ್ಟನಡುವೆ ತೆರೀತೀರಿ. ತಾರೀಕು ಮುಂದಿನದಾ, ಹಿಂದಿನದಾ? ಅರ್ಧ ಪುಸ್ತಕ ಬಿಟ್ಟುಬಿಡಿ. ಮತ್ತೆ ಅರ್ಧ. ಹೀಗೆ ಮೊದಲು ಆವರ್ತನ, ಆಮೇಲೆ ಫೇಸ್. ಒಟ್ಟು 50 ಆವರ್ತಗಳಲ್ಲಿ ಲಾಕ್.

1954ರಿಂದ 1995ರವರೆಗೆ ಟಿವಿ ಹೋಯ್ತು, ಚಿಪ್ ಬಂತು, ವೋಲ್ಟೇಜ್ ಹೋಗಿ ಬಿಟ್ ಬಂತು. ಆದರೆ ವೇಗ ಬಂದದ್ದು ಬರೀ ಜೋರಾಗಿ ತಳ್ಳಿದ್ದರಿಂದ ಅಲ್ಲ. ಗೋಜಲಾಗಿದ್ದ ಒಂದು ಪ್ರಶ್ನೆಯನ್ನು ಎರಡಾಗಿ ಬಿಡಿಸಿದ್ದರಿಂದ. ಎಷ್ಟು ವೇಗ ಅನ್ನೋದು ಒಂದು, ಯಾವ ಕ್ಷಣ ಅನ್ನೋದು ಇನ್ನೊಂದು. ಅಂಗಡಿಗಳಲ್ಲಿ ಪ್ರೊಸೆಸರ್ ಮಾರಾಟವಾದದ್ದು ಮೆಗಾಹರ್ಟ್ಸ್ ಹೆಸರಲ್ಲಿ. ಆ ಸಂಖ್ಯೆಗೆ ಎಷ್ಟು ಬೇಗ ತಲುಪುತ್ತೆ ಅನ್ನೋದು ಯಾವ ಡಬ್ಬಿಯ ಮೇಲೂ ಕಾಣಲಿಲ್ಲ. ಆದರೂ ನಿಮ್ಮ ಫೋನ್ ಧೈರ್ಯವಾಗಿ ಪದೇ ಪದೇ ಕಣ್ಣು ಮುಚ್ಚೋದು, ಬೇಗ ಏಳಬಲ್ಲೆ ಅನ್ನೋ ಭರವಸೆ ಇರೋದ್ರಿಂದಲೇ.